ನನ್ನ ಬಾಯಲ್ಲಿರುವ ನಿನ್ನವು

ಅಪ್ಪಾ,

ನೀನು ತೀರಿಕೊಂಡ ಮೇಲೂ ಎಲ್ಲವನ್ನೂ ನಿನಗೇ ಹೇಳುವ ಅಭ್ಯಾಸ ಹೋಗಿಲ್ಲ. ಒಸಡಿನಲ್ಲಿ ರಕ್ತ ಬರುತ್ತಿತ್ತೆಂದು ಇವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹಲ್ಲಿನ ಬುಡದಲ್ಲಿ ಚೂರು ಕೆರೆದು, ಅದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರು. ಸಣ್ಣ ಜೀವಿಗಳು ಗಿಜಿಗುಡುತ್ತಿದ್ದವು.

"ಹೊಗೆ ಬಿಟ್ಟೂ ಬಿಟ್ಟೂ ಒಳ್ಳೇವನ್ನ ಓಡಿಸಿದ್ದೀಯ. ಕೆಟ್ಟವು ಮನೆ ಮಾಡ್ಕೊಂಡಿವೆ. ಸಿಗರೇಟ್ ನಿಲ್ಸು, ನಿಧಾನಕ್ಕೆ ಹೋಗ್ತವೆ."

"ಎಲ್ಲಿಂದ ಬಂದ್ವು ಇವು?"

"ಇವುಗಳಲ್ಲಿ ಎಷ್ಟೋ ನಿನ್ನ ಮನೆಯವರ ಎಂಜಲಿಂದಾನೇ ಬಂದಿರ್ತವೆ."

ಶಾಲೆ ಬಿಟ್ಟು ನಿನ್ನ ಜೊತೆ ಗೋಡೆಗೆ ಬಣ್ಣ ಹೊಡೆಯಲು ಬಂದೆನಲ್ಲ, ಆಗ ಏಣಿಯ ಮೇಲೆ ನಿನ್ನ ಕೈ ಖಾಲಿ ಇರುತ್ತಿರಲಿಲ್ಲ. ನಾನೇ ಸಿಗರೇಟು ಹಚ್ಚಿ, ಒಂದು ದಮ್ಮು ಎಳೆದು, ನಿನ್ನ ತುಟಿಗೆ ಇಡುತ್ತಿದ್ದೆ; ನೀನು ಸೇದಿ ಉಳಿಸಿದ್ದನ್ನು ಮತ್ತೆ ನಾನು ಸೇದುತ್ತಿದ್ದೆ.

"ಸಿಗರೇಟ್ ಬಿಟ್ರೆ ಇವೆಲ್ಲಾನೂ ಹೋಗ್ತವಾ?" ಎಂದು ಡಾಕ್ಟರನ್ನು ಕೇಳಿದೆ.

"ಯಾಕಪ್ಪಾ, ಸಾಕ್ಕೋತೀಯಾ?" ಎಂದು ಡಾಕ್ಟರು ನಕ್ಕರು.

ಮನೆಗೆ ಬಂದಾಗಿನಿಂದ ಸಿಗರೇಟು ಹಚ್ಚಿಲ್ಲ. ಬಿಟ್ಟೇಬಿಟ್ಟೆ ಎಂದು ಸುಳ್ಳು ಬರೆಯಲಾರೆ. ಹೋಗುವವುಗಳಲ್ಲಿ ನಿನ್ನವೂ ಇರುತ್ತವಲ್ಲ.