ಅತ್ತೆಗೆ ಕಲ್ಲುಗಳ ನೆನಪಿದೆ

ಗ್ರ್ಯಾಂಡ್ ಮರೇ, ಮಿಶಿಗನ್
೯ ಅಕ್ಟೋಬರ್ ೧೯೬೮

ಪ್ರೀತಿಯ ತೌನೊ,

ಹೇಗಿದ್ದೀ? ಕೆಮ್ಮು ಇಳಿಯಿತೇ? ಹಡಗಿನ ಅಡುಗೆಯವನು ದಿನವೂ ಬೀನ್ಸನ್ನೇ ಬೇಯಿಸಿ ಹಾಕುತ್ತಾನೆಂದು ನೀನು ಬರೆದಿದ್ದೆ. ಅದನ್ನು ತಿಂದೂ ನೀನು ಪ್ರತಿಸಲ ದಪ್ಪಗಾಗಿ ಬರುವುದು ಹೇಗೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ನಾನು ಚೆನ್ನಾಗಿದ್ದೇನೆ. ಹೋದ ವಾರದ ಬಿರುಗಾಳಿಗೆ ಸೌನಾ ಬಚ್ಚಲಿನ ಹೊಗೆಕೊಳವೆ ಬಾಗಿತ್ತು, ಪಕ್ಕದ ಮನೆಯ ಒನ್ನಿ ಬಂದು ನೆಟ್ಟಗೆ ಮಾಡಿಕೊಟ್ಟ. ತಿಂಗಳ ಕೊನೆಗೆ ರಜೆ ಸಿಕ್ಕಿತೆಂಬ ನಿನ್ನ ಕಾಗದ ತಲುಪಿತು. ಓದಿ ಸಂತೋಷವಾಯಿತು, ಅದರ ಹಿಂದೆಯೇ ಭಯವೂ ಆಯಿತು. ಅತ್ತೆಯ ವಿಷಯವನ್ನು ಇನ್ನು ನಿನ್ನಿಂದ ಮುಚ್ಚಿಡುವ ಹಾಗಿಲ್ಲ.

ಬಿರುಗಾಳಿ ಹೋದಮೇಲೆ ಸರೋವರದ ದಂಡೆಯ ತುಂಬ ಹೊಸ ಕಲ್ಲು. ಭಾನುವಾರ ಚರ್ಚು ಮುಗಿದದ್ದೇ ಜನ ಜೇಬು ಭಾರ ಮಾಡಿಕೊಂಡು ಎಂದಿನಂತೆ ನಮ್ಮ ಅಡುಗೆಮನೆಗೆ ಬಂದರು. ಅತ್ತೆ ಕಿಟಕಿಯ ಪಕ್ಕ ಕೂತು, ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಸಾಸರಿನಿಂದ ಕಾಫಿ ಹೀರುತ್ತ, ಒಂದೊಂದೇ ಕಲ್ಲನ್ನು ನೆಕ್ಕಿ ಬೆಳಕಿಗೆ ಹಿಡಿದರು. ಬೆಳಕು ಒಳಗಿಳಿದದ್ದು ಅಗೇಟ್, ಇಳಿಯದ ಕೆಂಪಿನದು ಜಾಸ್ಪರ್. ಒಂದೂ ತಪ್ಪಲಿಲ್ಲ. ಪೋಸ್ಟ್ ಮಾಸ್ತರರ ಹೆಂಡತಿ ಭಾರೀ ಅಗೇಟ್ ಸಿಕ್ಕಿತೆಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದರು. ಅತ್ತೆ ಅದನ್ನು ನಾಲಿಗೆಗೆ ತಾಗಿಸಿದವರೇ, "ಇದು ಇಟ್ಟಿಗೆ ಕಣಮ್ಮ. ನಾಲಿಗೇಗೆ ಅಂಟ್ಕೊಳ್ತಿದೆ. ಯಾರ ಮನೆ ಒಲೇದೋ, ನೀರು ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದೆ" ಅಂದರು. ಎಲ್ಲರೂ ನಕ್ಕರು.

ಆ ನಗುವಿನ ನಡುವೆ ಒನ್ನಿ, ತೌನೊ ಯಾವಾಗ ಬರುತ್ತಾನೆಂದು ಕೇಳಿದ. ಅತ್ತೆ, "ಯಾವ ತೌನೊ?" ಅಂದರು. ತಮಾಷೆಯೆಂದುಕೊಂಡು ಜನ ಇನ್ನಷ್ಟು ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ? ಬೇಸಿಗೆಯಿಂದ ಹೀಗೇ ಇದೆ. ಇದಕ್ಕೆ ಔಷಧಿ ಇಲ್ಲವೆಂದು ಡಾಕ್ಟರು ಹೇಳಿಯಾಯಿತು.

ನನ್ನ ಗುರುತೂ ಹೋಗಿದೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಜಾಸ್ಪರನ್ನು ಅಗೇಟ್ ಅಂದೆನೆಂದು ಊರೆಲ್ಲ ಸಾರಿದ್ದರಲ್ಲ, ಆ ಸಿಟ್ಟು ಮಾತ್ರ ಹಾಗೇ ಉಳಿದಿದೆ. ಸೊಸೆಯ ಮೇಲಿನ ದೂರನ್ನು ಈಗ ನನಗೇ ಹೇಳುತ್ತಾರೆ. ನಿನ್ನೆ ಜಡೆ ಹೆಣೆಯುತ್ತಿದ್ದಾಗ ನನ್ನ ಕೈ ಸವರಿ, "ನೀನು ಒಳ್ಳೇ ಹುಡುಗಿ. ನಮ್ಮ ಸೊಸೆಗೆ ಏನೂ ಗೊತ್ತಾಗಲ್ಲ. ನಿನ್ನಂಥೋಳು ಸಿಕ್ಕಿದ್ರೆ ನಮ್ಮ ಹುಡುಗ ಸುಖವಾಗಿರ್ತಿದ್ದ" ಅಂದರು. ಇಷ್ಟು ವರ್ಷ ಕಾದ ಮೆಚ್ಚುಗೆ ನನಗೆ ಹೀಗೆ ಸಿಕ್ಕಿತು. ನಿಮ್ಮ ಹುಡುಗ ಎಲ್ಲಿ ಎಂದು ಕೇಳಿದೆ. ದಂಡೆಗೆ ಹೋಗಿದ್ದಾನೆ, ಹಸಿವಾದರೆ ಬರುತ್ತಾನೆ ಅಂದರು. ನಿನ್ನ ಫೋಟೋ ತೋರಿಸಿದರೆ, ಈ ದಪ್ಪ ಗಂಡಸು ಯಾರೆಂದು ಮುಖ ತಿರುಗಿಸಿದರು. ಸೌದೆ ತರುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ನಿನ್ನ ಮನಸ್ಸು ಕೆಡಿಸಬೇಕೆಂದು ಇದನ್ನೆಲ್ಲ ಬರೆಯಲಿಲ್ಲ, ತೌನೊ. ಬಾಗಿಲಲ್ಲಿ ನಿಂತು ತಿಳಿಯುವುದಕ್ಕಿಂತ ಅಲ್ಲೇ, ಜೊತೆಯವರ ನಡುವೆ ತಿಳಿಯಲಿ ಅನ್ನಿಸಿತು. ಡೆಕ್ಕಿನ ಮೇಲೆ ಹಿಮ ಕಟ್ಟಿದಾಗ ಶೂರತನ ತೋರಿಸಬೇಡ. ದೇವರು ನಿನ್ನನ್ನು ಒಣಬಟ್ಟೆಯಲ್ಲೇ ದಡ ಸೇರಿಸಲಿ.

ನಿನ್ನ
ಎಲ್ಮಾ

ಮರೆತೆ: ಬಂದವನೇ ಅಮ್ಮಾ ಎಂದು ಒಳಗೆ ನುಗ್ಗಿ ಅಪ್ಪಿಕೊಳ್ಳಬೇಡ. ಕಲ್ಲು ತಾರದೆ ಬಂದ ಗಂಡಸರನ್ನು ಕಂಡರೆ ಹೆದರುತ್ತಾರೆ. ಕೊಳವೆ ಸರಿಮಾಡಲು ಬಂದ ಒನ್ನಿಯ ಮೇಲೆ ಸೌದೆ ಎತ್ತಿದ್ದರು. ಮೊದಲು ದಂಡೆಗೆ ಇಳಿದು ಕಲ್ಲು ಆರಿಸಿಕೊ. ಬಾಗಿಲು ತಟ್ಟಿ, ಇದೇನು ಕಲ್ಲು ಅಂತ ಕೇಳು. ಕೂರಿಸಿಕೊಂಡು ಕಾಫಿ ಕೊಟ್ಟು ಹೇಳುತ್ತಾರೆ. ಒಂದೇ ತರಬೇಡ, ಒಂದಾದರೆ ಹೆಸರು ಹೇಳಿ ಕಳಿಸಿಬಿಡುತ್ತಾರೆ. ಜೇಬು ತುಂಬ ತಾ.