ಮುದುಕಿ ಮರಳಿಗೆ ಇಳಿದದ್ದು

ಮಂಗಳವಾರ, ಸಂಜೆ, ಎರಡನೇ ಚಹಾ ಆದ ಮೇಲೆ

ನನ್ನ ಮೀನುಮರಿಗೆ,

ನಿನ್ನ ಸೋದರಮಾವ, ಅಂದರೆ ಈ ಕಡಲತೀರದ ಏಕೈಕ ಗಂಡುಗಲಿ, ಆರೋಗ್ಯವಾಗಿದ್ದಾನೆ. ನಮ್ಮ ಮುದುಕಿ ಮಾತ್ರ ಮುಳುಗಿದಳು. ಗಾಬರಿಯಾಗಬೇಡ, ನಿನ್ನ ಅಜ್ಜಿಯಲ್ಲ. ಅವಳು ಈಗ ತಾನೇ ನನಗೆ ಬೈದು ಒಳಗೆ ಹೋದಳು. ಮುಳುಗಿದ್ದು ನಿಮ್ಮಪ್ಪನ ಡೈವಿಂಗ್ ದೋಣಿ. ನನ್ನ ಫೋನೂ ಅವಳ ಜೊತೆಗೇ ಹೋಯಿತು, ಅದಕ್ಕೇ ಈ ಕಾಗದ. ನೀನು ತರಬೇತಿಗೆ ಹೋಗಿರುವಲ್ಲಿಗೆ ಸುದ್ದಿ ರೆಕ್ಕೆಪುಕ್ಕ ಕಟ್ಟಿಕೊಂಡು ಬರುವ ಮೊದಲು ನನ್ನಿಂದಲೇ ತಿಳಿಯಲಿ.

ಗಿರಾಕಿಗಳನ್ನು ನೀರಿನಿಂದ ಹತ್ತಿಸಿಕೊಂಡು ವಾಪಸ್ ಹೊರಟಿದ್ದೆವು. ಎಡಕ್ಕೆ ನೀನು ಕಾವಲು ಕಾಯುವ ಹವಳದ ದಿಬ್ಬ. ಅಡುಗೆಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ, ನನ್ನದೇ ಚಪ್ಪಲಿ ತೇಲಿಕೊಂಡು ಎದುರಿಗೆ ಹಾದುಹೋಯಿತು. ಬೇರೆಯವರಾಗಿದ್ದರೆ ಕೂಡಲೇ ಕಿರುಚುತ್ತಿದ್ದರು. ನಾನು ಈರುಳ್ಳಿ ಮುಗಿಸಿ ಕಿರುಚಿದೆ.

ಇಂಜಿನ್ ತಣ್ಣಗಿಡಲು ಸಮುದ್ರದ ನೀರು ಎಳೆಯುವ ಪೈಪು ಹರಿದಿತ್ತು. ಅದನ್ನು ಮುಚ್ಚುವ ವಾಲ್ವು ತುಕ್ಕು ಹಿಡಿದು ಅಲುಗಲಿಲ್ಲ. ಹೌದು, ಹೋದ ವಾರ ನಾನು ರಬ್ಬರ್ ಪಟ್ಟಿ ಸುತ್ತಿ ಗಂಟು ಹಾಕಿದ್ದ ಅದೇ ಪೈಪು. ಈ ಗಂಟು ದೋಣಿಗಿಂತ ಹೆಚ್ಚು ಬಾಳುತ್ತೆ ಅಂತ ಎಲ್ಲರೆದುರು ಹೇಳಿದ್ದೆ. ಹಾಗೇ ಆಯಿತು ನೋಡು! ಪೈಪು ಹರಿದದ್ದು ಗಂಟಿನ ಪಕ್ಕದಲ್ಲಿ. ಗಂಟು ಸಮುದ್ರದ ತಳದಲ್ಲಿ ಇವತ್ತಿಗೂ ಭದ್ರವಾಗಿದೆ.

ಗಿರಾಕಿಗಳೆಲ್ಲ ರಬ್ಬರ್ ದೋಣಿಗೆ ಇಳಿದರು. ಅವರಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಊಟ ಏನು ಮಾಡಿದ್ರಿ ಅಂತ ಆಗಲೂ ಕೇಳಿದರು. ಅರ್ಧ ಪಾತ್ರೆ ಅನ್ನ ಉಳಿಸಿದ್ದೇನೆ ಎಂದೆ, ಸುಳ್ಳಲ್ಲ.

ಮುದುಕಿಯ ಇಂಜಿನ್ನಿಗೆ ಇನ್ನೊಂದು ಬೀಡಿ ಸೇದುವಷ್ಟು ಉಸಿರಿತ್ತು. ಎಡಕ್ಕೆ ತಿರುಗಿಸಿದರೆ ದೋಣಿ ಹವಳದ ಮೇಲೆ, ಸೊಂಟದಾಳದ ನೀರಿನಲ್ಲಿ ಕೂತು ಉಳಿಯುತ್ತಿತ್ತು. ಬಲಕ್ಕೆ ಆಳದ ಮರಳು, ಹೋದರೆ ಹೋದ ಹಾಗೇ. ನಾನು ಎದೆಯುಬ್ಬಿಸಿ, ಬಲಕ್ಕೆ ಹೊಡೀರಿ ಭಾವಾ, ನಮ್ಮ ಹುಡುಗಿಯ ಹವಳ ಮುಟ್ಟಬೇಡಿ ಅಂತ ಅಪ್ಪಣೆ ಕೊಟ್ಟೆ. ಭಾವ ನನ್ನ ಮಾತು ಕೇಳಿದರು. ಮುದುಕಿ ಸ್ಟೂಲಿನ ಮೇಲೆ ಕೂರುವವಳ ಹಾಗೆ ಮೊದಲು ಹಿಂಭಾಗ ಊರಿ, ಆಮೇಲೆ ಮೆಲ್ಲಗೆ ತಲೆ ತಗ್ಗಿಸಿದಳು. ನೀರಿಗೆ ಹಾರಿದ ಭಾವನನ್ನು ನಿಮ್ಮ ಕಾವಲು ದೋಣಿಯವರೇ ಎತ್ತಿಕೊಂಡರು. ಮರುದಿನ ಇಳಿದು ನೋಡಿ ಬಂದರು, ಹವಳದ ಒಂದು ಚೂರೂ ಮುರಿದಿಲ್ಲವಂತೆ.

ಕಳೆದ ವರ್ಷ ಭಾವ ಹವಳದ ಮೇಲೆ ಲಂಗರು ಬಿಟ್ಟರೆಂದು ನೀನು ಎಲ್ಲರೆದುರು ಅವರ ದೋಣಿಯನ್ನು ತಿಂಗಳುಗಟ್ಟಲೆ ದಡಕ್ಕೆ ಕಟ್ಟಿಸಿದೆ. ನನ್ನ ಮಗಳಿಗೆ ಅಪ್ಪನಿಗಿಂತ ಕಲ್ಲೇ ಹೆಚ್ಚಾಯ್ತಾ ಅಂತ ಅವರೂ ಕೂಗಾಡಿದರು. ಅವತ್ತಿನಿಂದ ಇಬ್ಬರದೂ ಮಾತಿಲ್ಲ. ನಡುವೆ ನಾನೊಬ್ಬ ಬಿಟ್ಟಿ ಪೋಸ್ಟ್‌ಮ್ಯಾನ್, ಎರಡೂ ಕಡೆಯ ಬೈಗುಳ ಹೊತ್ತು ತಿರುಗುತ್ತೇನೆ.

ಭಾವ ಚೆನ್ನಾಗಿದ್ದಾರೆ. ಊಟ ಮಾಡುತ್ತಾರೆ, ನನ್ನ ಗಂಟಿನ ಮಾತು ಬಂದರೆ ನಗುತ್ತಾರೆ. ಬೆಳಗಾಗುತ್ತಲೇ ಅಭ್ಯಾಸಬಲದಿಂದ ಕಟ್ಟೆಗೆ ಹೋಗಿ, ದೋಣಿ ಕಟ್ಟುವ ಹಗ್ಗ ಹಿಡಿದು, ಕಟ್ಟಲು ಏನೂ ಇಲ್ಲ ಅಂತ ನೆನಪಾಗಿ ಹಿಂದಿರುಗುತ್ತಾರೆ. ಅಷ್ಟೇ.

ಇಂತಿ,
ಸಮುದ್ರಕ್ಕೂ ಬಗ್ಗದ ನಿನ್ನ ಮಾವ

ತಾ.ಕ.: ಒಂದು ಸಣ್ಣ ತಿದ್ದುಪಡಿ. ಅಪ್ಪಣೆ ಕೊಟ್ಟೆ ಅಂದೆನಲ್ಲ, ಆ ಹೊತ್ತಿಗೆ ನಾನು ರಬ್ಬರ್ ದೋಣಿಯಲ್ಲಿದ್ದೆ, ಎಲ್ಲರಿಗಿಂತ ಮೊದಲು, ಅನ್ನದ ಪಾತ್ರೆ ತಬ್ಬಿಕೊಂಡು. ಅಲ್ಲಿಂದ ನಾನು ಕೂಗಿದ್ದು, ಎಡಕ್ಕೆ ಹೊಡೀರಿ ಭಾವಾ, ಹವಳ ಮತ್ತೆ ಬೆಳೆಯುತ್ತೆ, ದೋಣಿ ಬೆಳೆಯುತ್ತಾ ಅಂತ. ಅದಕ್ಕೆ ಭಾವ, ಬೆಳೆಯುತ್ತೆ ಕಣೋ, ನನ್ನ ಮಗಳ ತಲೆ ನೆರೆಯೋ ಹೊತ್ತಿಗೆ, ಅಲ್ಲೀವರೆಗೂ ಅವಳು ದಿನಾ ಮುರಿದಿದ್ದನ್ನೇ ನೋಡ್ಬೇಕಾ ಅಂದವರೇ ಹಗ್ಗ ಬಿಚ್ಚಿ, ನಮ್ಮನ್ನು ದೂರ ತಳ್ಳಿ, ಒಬ್ಬರೇ ಬಲಕ್ಕೆ ಹೋದರು. ಇದನ್ನು ಅವಳ ಮುಂದೆ ಬಾಯಿಬಿಟ್ಟರೆ ನಿನ್ನ ನಾಲಿಗೆ ಕೀಳ್ತೀನಿ ಅಂದಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ, ಪೆನ್ನು ಮಾತ್ರ ಬಿಚ್ಚಿದ್ದೇನೆ. ಭಾನುವಾರ ಬೆಳಿಗ್ಗೆ ನೇರ ಕಟ್ಟೆಗೇ ಬಾ. ಹಗ್ಗದ ಇನ್ನೊಂದು ತುದಿ ಖಾಲಿ ಇದೆ.