ರುಮಾಲು ತೆಗೆಯದೆ ಕೂರುವ ಕಾರು

12 ಡಿಸೆಂಬರ್ 1984, ಬುಧವಾರ, ಖಾನಾಪುರ

ನಾನು ನೀಲಗಂಗವ್ವ, ಈ ಮನೆಯ ಹಿರಿಯಳು. ಆದರೂ ನನ್ನನ್ನು ಕೇಳದೆ ಮಗ ಬಾಳಾಸಾಹೇಬ ತನ್ನ ಅಪ್ಪನ ಹಳೆಯ ಕಾರನ್ನು ಬೆಳಗಾವಿ ಉದ್ಯಮಬಾಗದ ಗುಜರಿಯವನಿಗೆ ಕೊಡಲು ಒಪ್ಪಿದ್ದ.

ಇಂದು ಗೋವೆಗೆ ಹೊರಟ ಪರದೇಶದ ಕೆಂಪು ಕಾರೊಂದು ನೀರಿಗೆಂದು ನಮ್ಮ ಬಾಗಿಲಲ್ಲಿ ನಿಂತಿತು. ನನ್ನ ಸೊಂಟದಷ್ಟೂ ಎತ್ತರವಿಲ್ಲ. ಅದರ ಬಾಗಿಲು ಮೇಲಕ್ಕೆ ತೆರೆಯಿತು.

"ಏನ್ ಚಂದ ಐತಿ ನೋಡವ್ವಾ!" ಎಂದ ಮಗ.

"ಕಪ್ಪಿ ಕುಂತಂಗ ಐತಿ. ಒಳಗ ತೆವಳ್ಕೊಂತ ಹೋಗಬೇಕು!" ಎಂದಳು ಹಾಲಿನ ಗಂಗೂಬಾಯಿ.

ನಕ್ಕೆ. ಮದುವೆಯಾದ ವರ್ಷ ಬೆಳಗಾವಿಯಲ್ಲಿ ಯಜಮಾನರು ತಲೆಗೆ ರುಮಾಲು ಸುತ್ತಿಕೊಂಡೇ ಕಾರುಗಳಲ್ಲಿ ಕೂತು ನೋಡಿದ್ದರು. ತಲೆ ತಗ್ಗಿಸಬೇಕಾದ ಮೂರನ್ನು ಬಿಟ್ಟರು. ನಾಲ್ಕನೆಯದರಲ್ಲಿ, ಅಂದರೆ ಈ ಹಳೆಯ ಕಾರಿನಲ್ಲೇ, ನೆಟ್ಟಗೆ ಕೂತು, "ಬಾ, ನೀನೂ ಕುಂದರು" ಎಂದರು. ಆ ದನಿ ಇನ್ನೂ...

ಸಂಜೆ ಕಾರು ಒಯ್ಯಲು ಬಂದ ಗುಜರಿಯವನನ್ನು ಬರಿಗೈಯಲ್ಲಿ ತಿರುಗಿ ಕಳಿಸಿದೆ. ಕಾರಿನ ಕೀಲಿಕೈ ನನ್ನ ಸೆರಗಿನಲ್ಲಿದೆ.